ಅಕ್ಷರಗಳ ಅಂಚಿನ ಬೇಡದ ಗೆರೆ: ಕಾರಣ, ಪರೀಕ್ಷೆ, ಪರಿಹಾರ

ಪೀಠಿಕೆ

ವಿದ್ಯಾಸಂಸ್ಥೆಯೊಂದರ ಬಾಳಿನಲ್ಲಿ ಅಕ್ಷರಗಳು ಪಠ್ಯಪುಸ್ತಕದ ಒಳಗೆ ಮಾತ್ರ ಉಳಿಯುವುದಿಲ್ಲ. ಮಹಾದ್ವಾರದ ನಾಮಫಲಕ, ದಾನಿಗಳ ಹೆಸರನ್ನು ಹೊತ್ತ ಶಿಲಾಫಲಕ, ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ, ವಿದ್ಯಾರ್ಥಿಗಳ ಪ್ರಶಸ್ತಿಪತ್ರ, ಸ್ಮರಣ ಸಂಚಿಕೆಯ ಮುಖಪುಟ ಇವೆಲ್ಲವೂ ಅಕ್ಷರಗಳ ಮೂಲಕವೇ ನಾಡಿನೊಡನೆ ಮಾತನಾಡುತ್ತವೆ. ಹಿಂದೆ ಈ ಕಾರ್ಯವನ್ನು ಮೊಳೆ ಜೋಡಿಸುವವರೂ ಕುಂಚ ಹಿಡಿದು ಫಲಕ ಬರೆಯುವವರೂ ನೆರವೇರಿಸುತ್ತಿದ್ದರು. ಇಂದು ಅದರ ಬಹುಭಾಗ ಗಣಕಯಂತ್ರದ ವೆಕ್ಟರ್ ವಿನ್ಯಾಸ ತಂತ್ರಾಂಶಗಳಲ್ಲಿ ನಡೆಯುತ್ತಿದೆ. ಶಾಲೆಗಳಲ್ಲಿ ಶಿಕ್ಷಕರೂ ಮೇಲ್ತರಗತಿಯ ವಿದ್ಯಾರ್ಥಿಗಳೂ ಅನೇಕ ವೇಳೆ ಈ ಕೆಲಸಕ್ಕೆ ಕೈಹಾಕಬೇಕಾಗುತ್ತದೆ.

ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಡಕೊಂದುಂಟು. ಶುದ್ಧವಾಗಿ ಟೈಪು ಮಾಡಿದ ಅಕ್ಷರಗಳ ಸುತ್ತ ಯಾರೂ ಬಯಸದ ಗೆರೆಯೊಂದು ಮೂಡಿ ನಿಲ್ಲುತ್ತದೆ. ಕೆಲವೊಮ್ಮೆ ಅದು ಕಪ್ಪಾಗಿ ದಪ್ಪವಾಗಿರುತ್ತದೆ. ಕೆಲವೊಮ್ಮೆ ಕೂದಲೆಳೆಯಷ್ಟು ಬಿಳುಪಾಗಿರುತ್ತದೆ. ಮತ್ತೆ ಕೆಲವೊಮ್ಮೆ ಅಕ್ಷರದ ಒಡಲೊಳಗೇ ಅಡ್ಡಹಾಯುತ್ತದೆ. ಇದು ಅಂದಚೆಂದದ ಪ್ರಶ್ನೆ ಮಾತ್ರವಲ್ಲ. ಕನ್ನಡ ಲಿಪಿಯಲ್ಲಿ ಒಂದು ಕಿರುಸೀಳು, ಒಂದು ಚುಕ್ಕೆ ಅರ್ಥವನ್ನೇ ನಿರ್ಧರಿಸುತ್ತದೆ. 'ದ'ಕಾರಕ್ಕೂ 'ಧ'ಕಾರಕ್ಕೂ ನಡುವೆ ಇರುವುದು ಅಡಿಯ ಒಂದು ಸೀಳು. 'ರ'ಕಾರಕ್ಕೂ 'ಠ'ಕಾರಕ್ಕೂ ನಡುವೆ ಇರುವುದು ಒಡಲಿನ ಒಂದು ಚುಕ್ಕೆ. ಗೆರೆ ದಪ್ಪವಾಗಿ ಸೀಳು ಮುಚ್ಚಿದರೆ 'ಧನಸಂಗ್ರಹ'ವು 'ದನಸಂಗ್ರಹ'ವಾಗುವುದು. ಚುಕ್ಕೆ ಅಳಿದರೆ 'ಮಠ'ವು 'ಮರ'ವಾಗುವುದು. ಕಾಗದದ ಮೇಲಿನ ತಪ್ಪನ್ನು ಮರುಮುದ್ರಣದಲ್ಲಿ ತಿದ್ದಬಹುದು. ಕಲ್ಲಿನಲ್ಲಿ ಕೊರೆದದ್ದನ್ನು ತಿದ್ದುವುದು ಸುಲಭವಲ್ಲ.

ಬೇಡದ ಗೆರೆಗೆ ಕಾರಣ ಒಂದೇ ಅಲ್ಲ. ನೋಟಕ್ಕೆ ಒಂದೇ ತೆರನಾಗಿ ಕಂಡರೂ ಅದು ಬೇರೆ ಬೇರೆ ಮೂಲಗಳಿಂದ ಹುಟ್ಟುತ್ತದೆ. ಒಂದಕ್ಕೆ ಮದ್ದಾದುದು ಮತ್ತೊಂದಕ್ಕೆ ಕೇಡಾಗುವುದು. ಆದುದರಿಂದ ಮೂಲವನ್ನು ಪರೀಕ್ಷಿಸಿದ ಅನಂತರವೇ ಪರಿಹಾರಕ್ಕೆ ತೊಡಗಬೇಕೆಂಬುದು ಈ ಲೇಖನದ ಸಾರ.

೧. ತಂತ್ರಾಂಶದಲ್ಲಿ ಅಕ್ಷರದ ಸ್ವರೂಪ

ಛಾಯಾಚಿತ್ರವು ಬಣ್ಣದ ಚುಕ್ಕೆಗಳ ರಾಶಿ. ವೆಕ್ಟರ್ ಚಿತ್ರ ಹಾಗಲ್ಲ. ಅದು ಬಿಂದುಗಳನ್ನೂ ಅವುಗಳನ್ನು ಕೂಡಿಸುವ ವಕ್ರರೇಖೆಗಳನ್ನೂ ಗಣಿತದ ಮೂಲಕ ನಿರೂಪಿಸುತ್ತದೆ. ಈ ವಕ್ರರೇಖೆಗಳಿಗೆ ಬೆಜಿಯೆ ವಕ್ರಗಳೆಂದು ಹೆಸರು. ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ಕಾರಿನ ಮೈಯ ಆಕಾರವನ್ನು ರೂಪಿಸುವ ಅಗತ್ಯದಿಂದ ಇವು ಬಳಕೆಗೆ ಬಂದವು. ಸಿಟ್ರೊಯೆನ್ ಸಂಸ್ಥೆಯಲ್ಲಿದ್ದ ಪಾಲ್ ದ ಕ್ಯಾಸ್ಟಲ್ಜೊ ಅವರು ೧೯೫೯ರಲ್ಲಿಯೂ, ರೆನೊ ಸಂಸ್ಥೆಯಲ್ಲಿದ್ದ ಪಿಯರ್ ಬೆಜಿಯೆ ಅವರು ೧೯೬೦ರ ದಶಕದಲ್ಲಿಯೂ ಇವನ್ನು ಬೆಳೆಸಿದರು. ೧೯೮೪ರಲ್ಲಿ ಅಡೋಬ್ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಇದೇ ವಕ್ರಗಳನ್ನು ಮುದ್ರಣಕ್ಕೆ ತಂದಿತು. ೧೯೮೭ರಲ್ಲಿ ಅಡೋಬ್ ಇಲ್ಲಸ್ಟ್ರೇಟರ್, ೧೯೮೯ರಲ್ಲಿ ಕೋರಲ್‌ಡ್ರಾ, ೨೦೦೩ರಲ್ಲಿ ಯಾವ ಶುಲ್ಕವೂ ಇಲ್ಲದ ಮುಕ್ತ ತಂತ್ರಾಂಶವಾದ ಇಂಕ್‌ಸ್ಕೇಪ್ ಬಂದವು. ಈ ಮೂರರಲ್ಲಿಯೂ ಅಕ್ಷರದ ಮೂಲತತ್ತ್ವ ಒಂದೇ.

ಅಕ್ಷರದ ಎಲ್ಲೆಯನ್ನು ಸೂಚಿಸುವ ವಕ್ರಕ್ಕೆ ಪಥವೆಂದು ಹೆಸರಿಡೋಣ. ಪಥಕ್ಕೆ ತನ್ನದೇ ಆದ ದಪ್ಪವಿಲ್ಲ. ಪಥದ ಒಳಭಾಗಕ್ಕೆ ಬಣ್ಣ ತುಂಬಬಹುದು, ಇದು ಫಿಲ್. ಪಥದ ಗುಂಟ ಗೆರೆ ಎಳೆಯಬಹುದು, ಇದು ಸ್ಟ್ರೋಕ್. ಇವೆರಡೂ ಪರಸ್ಪರ ಸ್ವತಂತ್ರವಾದವು. ಓದುವ ಸಾಮಾನ್ಯ ಅಕ್ಷರಕ್ಕೆ ಫಿಲ್ ಮಾತ್ರ ಸಾಕು, ಸ್ಟ್ರೋಕ್ ಬೇಕಿಲ್ಲ.

ಇದನ್ನು ಹೊಲದ ಉದಾಹರಣೆಯಿಂದ ತಿಳಿಯಬಹುದು. ಎರಡು ಹೊಲಗಳ ನಡುವಣ ಎಲ್ಲೆಗೆ ಅಗಲವಿಲ್ಲ. ಅದು ನಕ್ಷೆಯಲ್ಲಿನ ಒಂದು ಗೆರೆ ಅಷ್ಟೆ. ಆದರೆ ಅದರ ಮೇಲೆ ಕಟ್ಟಿದ ಬದುವಿಗೆ ಅಗಲವುಂಟು. ಅದು ಎರಡೂ ಕಡೆಯ ನೆಲವನ್ನು ಸಮನಾಗಿ ತಿನ್ನುತ್ತದೆ. ಸ್ಟ್ರೋಕ್ ಕೂಡ ಪಥದ ಎರಡೂ ಬದಿಗೆ ಸಮನಾಗಿ ಹರಡುವುದು. ೧ ಪಾಯಿಂಟ್ ದಪ್ಪದ ಸ್ಟ್ರೋಕ್ ಕೊಟ್ಟರೆ ಅರ್ಧ ಪಾಯಿಂಟ್ ಹೊರಕ್ಕೂ ಅರ್ಧ ಪಾಯಿಂಟ್ ಒಳಕ್ಕೂ ಬೀಳುವುದು. (೧ ಪಾಯಿಂಟ್ ಎಂದರೆ ಒಂದು ಅಂಗುಲದ ೭೨ನೆಯ ಒಂದು ಭಾಗ, ಸುಮಾರು ೦.೩೫ ಮಿಲಿಮೀಟರ್.) ಅಕ್ಷರದಲ್ಲಿ ೧ ಪಾಯಿಂಟ್ ಅಗಲದ ಸೀಳು ಇದ್ದರೆ, ಎರಡೂ ಅಂಚುಗಳಿಂದ ಅರ್ಧರ್ಧ ಪಾಯಿಂಟ್ ಗೆರೆ ಒತ್ತಿಬಂದು ಸೀಳು ಪೂರ್ಣವಾಗಿ ಮುಚ್ಚಿಹೋಗುವುದು. 'ಧ'ಕಾರವು 'ದ'ಕಾರವಾಗುವ ಲೆಕ್ಕ ಇದೇ.

೨. ಮೂರು ಪ್ರಥಮ ಪರೀಕ್ಷೆಗಳು

ಮೊದಲನೆಯದು ನೋಟದ ಪರೀಕ್ಷೆ. ಎಲ್ಲ ಆಕೃತಿಗಳನ್ನೂ ಬಣ್ಣವಿಲ್ಲದೆ ಬರಿಯ ಎಲ್ಲೆಗೆರೆಗಳಾಗಿ ತೋರಿಸುವ ವ್ಯವಸ್ಥೆ ಈ ತಂತ್ರಾಂಶಗಳಲ್ಲಿದೆ. ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಮತ್ತು ವೈ, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಮತ್ತು ೫ ಒತ್ತಿದಾಗ ಈ ನೋಟ ಬರುವುದು. ಕೋರಲ್‌ಡ್ರಾದಲ್ಲಿ ಇದಕ್ಕೆ ವೈರ್‌ಫ್ರೇಮ್ ಎಂದು ಹೆಸರು. ಕೈತಪ್ಪಿ ಈ ಕೀಲಿಗಳನ್ನು ಒತ್ತಿದರೆ ಪುಟದ ಅಕ್ಷರಗಳೆಲ್ಲವೂ ಟೊಳ್ಳಾಗಿ ಕಾಣುತ್ತವೆ. ಪುಟದಲ್ಲಿರುವ ಚಿತ್ರಗಳೂ ಬಣ್ಣ ಕಳೆದುಕೊಂಡಿದ್ದರೆ ದೋಷ ಅಕ್ಷರದ್ದಲ್ಲ, ನೋಟದ್ದು ಎಂದು ತಿಳಿಯತಕ್ಕದ್ದು. ಅದೇ ಕೀಲಿಗಳನ್ನು ಮತ್ತೆ ಒತ್ತಿ, ಅಥವಾ ನೋಟದ ಪಟ್ಟಿಯಲ್ಲಿ ಮಾಮೂಲಿ ವಿಧಾನವನ್ನು ಆರಿಸಿ ಸರಿಪಡಿಸಬಹುದು.

ಎರಡನೆಯದು ಹಿಗ್ಗಿಸುವ ಪರೀಕ್ಷೆ. ಪರದೆಯ ಮೇಲೆ ಅಕ್ಷರವನ್ನು ನಾಲ್ಕು ಪಟ್ಟು, ಎಂಟು ಪಟ್ಟು ದೊಡ್ಡದಾಗಿಸಿ ನೋಡಬೇಕು. ಗೆರೆಯೂ ಅಕ್ಷರದೊಡನೆ ದಪ್ಪವಾದರೆ ಅದು ನಿಜವಾದ ಸ್ಟ್ರೋಕ್, ಇಲ್ಲವೇ ಬೇರೊಂದು ಆಕೃತಿ. ಗೆರೆ ಎಷ್ಟು ಹಿಗ್ಗಿಸಿದರೂ ಕೂದಲೆಳೆಯಷ್ಟೇ ಉಳಿದರೆ ಅದು ಬಹುಮಟ್ಟಿಗೆ ಪರದೆಯ ಭ್ರಮೆ. ಇದಕ್ಕೊಂದು ಅಪವಾದವುಂಟು: ಹೇರ್‌ಲೈನ್ ಎಂಬ ಅತಿ ಸಣ್ಣ ಸ್ಟ್ರೋಕ್ ಕೂಡ ಹಿಗ್ಗಿಸಿದಾಗ ಹಾಗೆಯೇ ಉಳಿಯಬಹುದು. ಆದುದರಿಂದ ಮೂರನೆಯ ಪರೀಕ್ಷೆ ಅಗತ್ಯ.

ಮೂರನೆಯದು ಗುಣಪಟ್ಟಿಯ ಪರೀಕ್ಷೆ. ಅಕ್ಷರವನ್ನು ಆರಿಸಿಕೊಂಡು ಅದರ ಫಿಲ್ ಯಾವುದು, ಸ್ಟ್ರೋಕ್ ಯಾವುದು ಎಂಬುದನ್ನು ಓದಬೇಕು. ಇಂಕ್‌ಸ್ಕೇಪ್‌ನಲ್ಲಿ ಇದು ಕಿಟಕಿಯ ಕೆಳಗಿನ ಎಡಮೂಲೆಯಲ್ಲಿಯೂ, ಕೋರಲ್‌ಡ್ರಾದಲ್ಲಿ ಕೆಳಗಿನ ಸ್ಥಿತಿಪಟ್ಟಿಯಲ್ಲಿಯೂ, ಇಲ್ಲಸ್ಟ್ರೇಟರ್‌ನಲ್ಲಿ ಸಲಕರಣೆಗಳ ಪಟ್ಟಿಯ ಎರಡು ಚೌಕಗಳಲ್ಲಿಯೂ ಕಾಣುವುದು.

ಇಲ್ಲಿ ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. 'ಔಟ್‌ಲೈನ್' ಎಂಬ ಒಂದೇ ಪದ ಮೂರು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಕೋರಲ್‌ಡ್ರಾದಲ್ಲಿ ಅದು ಸ್ಟ್ರೋಕಿನ ಹೆಸರು. ಇಲ್ಲಸ್ಟ್ರೇಟರ್‌ನ ನೋಟದ ಪಟ್ಟಿಯಲ್ಲಿ ಅದು ಬಣ್ಣವಿಲ್ಲದ ನೋಟದ ಹೆಸರು. ಅದೇ ತಂತ್ರಾಂಶದ 'ಕ್ರಿಯೇಟ್ ಔಟ್‌ಲೈನ್ಸ್' ಎಂಬುದು ಟೈಪು ಮಾಡಿದ ಅಕ್ಷರವನ್ನು ಪಥವನ್ನಾಗಿ ಮಾರ್ಪಡಿಸುವ ಆಜ್ಞೆ. ಅದು ಯಾವ ಗೆರೆಯನ್ನೂ ಸೇರಿಸುವುದಿಲ್ಲ. ಮುದ್ರಣಾಲಯದವರು "ಔಟ್‌ಲೈನ್ ಮಾಡಿ ಕಳುಹಿಸಿ" ಎಂದಾಗ ಅವರ ಅಪೇಕ್ಷೆ ಈ ಮೂರನೆಯದು. ಅದನ್ನರಿಯದೆ ಅಕ್ಷರಗಳಿಗೆ ಗೆರೆ ಸೇರಿಸಿ ಕಳುಹಿಸಿದರೆ ತೊಡಕು ಅಲ್ಲಿಂದಲೇ ಆರಂಭ.

೩. ಗುಣಪಟ್ಟಿಯಿಂದ ಬಂದ ಗೆರೆ

ಪರೀಕ್ಷೆಯಲ್ಲಿ ಸ್ಟ್ರೋಕ್ ಇದೆಯೆಂದು ತಿಳಿದರೆ ಅದನ್ನು ತೆಗೆಯುವುದು ಸುಲಭ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಆರಿಸಿ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಬಣ್ಣದ ಪಟ್ಟಿಯ ಗುಣಾಕಾರ ಚಿಹ್ನೆಯ ಮೇಲೆ ಒತ್ತಬೇಕು. ಕೋರಲ್‌ಡ್ರಾದಲ್ಲಿ ಅದೇ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಸ್ಟ್ರೋಕಿನ ಚೌಕವನ್ನು ಮುಂದಕ್ಕೆ ತಂದು 'ನನ್' ಎಂಬುದನ್ನು ಆರಿಸಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಇಡೀ ಬರಹಕ್ಕೆ ಒಂದು ಸ್ಟ್ರೋಕ್, ಅದರೊಳಗಿನ ಅಕ್ಷರಗಳಿಗೆ ಮತ್ತೊಂದು ಸ್ಟ್ರೋಕ್ ಇರಲು ಸಾಧ್ಯ. ತೆಗೆದರೂ ಗೆರೆ ಉಳಿದಿದ್ದರೆ 'ಅಪಿಯರೆನ್ಸ್' ಫಲಕದಲ್ಲಿ ಎರಡನ್ನೂ ನೋಡಿ ತೆಗೆಯತಕ್ಕದ್ದು.

ತೆಗೆದ ಗೆರೆ ಹೊಸ ಅಕ್ಷರ ಟೈಪು ಮಾಡಿದಾಗಲೆಲ್ಲ ಮರಳಿ ಬಂದರೆ ಕಾರಣ ಇನ್ನೂ ಹಿಂದೆ ಇದೆ. ಇಂಕ್‌ಸ್ಕೇಪ್‌ನಲ್ಲಿ ಹೊಸ ಆಕೃತಿಯು ಕಡೆಯದಾಗಿ ಬಳಸಿದ ಶೈಲಿಯನ್ನೇ ಹೊತ್ತು ಬರುವಂತೆ ಏರ್ಪಾಡಿರಬಹುದು. ಪ್ರಾಶಸ್ತ್ಯಗಳ ಪಟ್ಟಿಯಲ್ಲಿ ಬರಹದ ಸಲಕರಣೆಗೆ ತನ್ನದೇ ಶೈಲಿಯನ್ನು ನಿಗದಿಪಡಿಸಿದರೆ ಇದು ನಿಲ್ಲುವುದು. ಕೋರಲ್‌ಡ್ರಾದಲ್ಲಿ ಯಾವ ಆಕೃತಿಯನ್ನೂ ಆರಿಸದೆ ಗೆರೆಯ ದಪ್ಪವನ್ನು ಬದಲಿಸಿದರೆ, ಮುಂದಿನ ಆಕೃತಿಗಳಿಗೆಲ್ಲ ಇದೇ ಇರಲೇ ಎಂದು ತಂತ್ರಾಂಶ ಕೇಳುತ್ತದೆ. ಓದದೆ ಒಪ್ಪಿಗೆ ಕೊಟ್ಟರೆ ಅಂದಿನಿಂದ ಆ ಕಡತದಲ್ಲಿ ಟೈಪು ಮಾಡಿದ ಪ್ರತಿ ಅಕ್ಷರವೂ ಗೆರೆ ಹೊತ್ತೇ ಹುಟ್ಟುವುದು. ಅದೇ ಕ್ರಮದಲ್ಲಿ, ಏನನ್ನೂ ಆರಿಸದೆ, ಗೆರೆ ಬೇಡವೆಂದು ಸೂಚಿಸುವುದೇ ಪರಿಹಾರ.

ಮತ್ತೊಂದು ಸಂದರ್ಭ ಕುಗ್ಗಿಸುವಾಗ ಬರುತ್ತದೆ. ದೊಡ್ಡ ಫಲಕಕ್ಕಾಗಿ ರಚಿಸಿದ ಶೀರ್ಷಿಕೆಗೆ ಬೇಕೆಂದೇ ೪ ಪಾಯಿಂಟ್ ಗೆರೆ ಕೊಟ್ಟಿರುತ್ತಾರೆ; ಅಲ್ಲಿ ಅದು ಶೋಭಿಸುತ್ತದೆ. ಅದನ್ನೇ ಹತ್ತನೆಯ ಒಂದು ಭಾಗಕ್ಕೆ ಕುಗ್ಗಿಸಿ ಆಮಂತ್ರಣ ಪತ್ರಿಕೆಗೆ ತಂದಾಗ, ಗೆರೆಯೂ ಪ್ರಮಾಣಬದ್ಧವಾಗಿ ಕುಗ್ಗಬೇಕೆಂಬ ಏರ್ಪಾಡು ಇಲ್ಲದಿದ್ದರೆ, ಅಕ್ಷರ ಮಾತ್ರ ಕುಗ್ಗಿ ಗೆರೆ ೪ ಪಾಯಿಂಟಾಗಿಯೇ ಉಳಿಯುವುದು. ಅಲ್ಲಿಗೆ ಅಕ್ಷರವನ್ನು ಗೆರೆಯೇ ನುಂಗಿಬಿಡುತ್ತದೆ. ಆಕೃತಿಯೊಡನೆ ಸ್ಟ್ರೋಕನ್ನೂ ಕುಗ್ಗಿಸುವ ಆಯ್ಕೆ ಮೂರೂ ತಂತ್ರಾಂಶಗಳಲ್ಲಿದೆ; ಕುಗ್ಗಿಸುವ ಮುನ್ನ ಅದನ್ನು ಚಾಲನೆಗೊಳಿಸತಕ್ಕದ್ದು.

ಗೆರೆ ಬೇಕೆಂದೇ ಇರುವಲ್ಲಿಯೂ ಎರಡು ಎಚ್ಚರಿಕೆಗಳು ಸಲ್ಲುತ್ತವೆ. ಸ್ಟ್ರೋಕನ್ನು ಫಿಲ್‌ನ ಹಿಂದಕ್ಕೆ ಕಳುಹಿಸಿದರೆ ಒಳಗೆ ಬಿದ್ದ ಅರ್ಧ ಮರೆಯಾಗಿ ಅಕ್ಷರದ ಮೂಲರೂಪ ಉಳಿಯುತ್ತದೆ. ಮೂಲೆಗಳನ್ನು ದುಂಡಾಗಿಸಿದರೆ, ತಲೆಕಟ್ಟಿನ ಚೂಪು ತುದಿಗಳಿಂದ ಮುಳ್ಳಿನಂತೆ ಹೊರಚಾಚುವ ಗೆರೆಗಳು ಕಾಣಿಸಿಕೊಳ್ಳುವುದಿಲ್ಲ.

೪. ಪರದೆಯ ಭ್ರಮೆ

ಗುಣಪಟ್ಟಿಯಲ್ಲಿ ಸ್ಟ್ರೋಕ್ ಇಲ್ಲ. ಆದರೂ ಬಣ್ಣದ ಹಿನ್ನೆಲೆಯ ಮೇಲೆ ಅಕ್ಷರದ ಸುತ್ತ ತೆಳುವಾದ ಬಿಳಿ ಅಂಚು ಕಾಣುತ್ತದೆ. ಇದಕ್ಕೆ ಕಾರಣ ಒಂದರ ಮೇಲೊಂದು ಕುಳಿತ ಎರಡು ಆಕೃತಿಗಳು.

ಪರದೆಯು ಚಿಕ್ಕ ಚೌಕಗಳಿಂದ, ಎಂದರೆ ಪಿಕ್ಸೆಲ್‌ಗಳಿಂದ ಕೂಡಿದೆ. ಅಕ್ಷರದ ಅಂಚು ಒಂದು ಪಿಕ್ಸೆಲ್ಲಿನ ಅರ್ಧವನ್ನು ಮಾತ್ರ ಆವರಿಸಿದಾಗ ತಂತ್ರಾಂಶವು ಅಲ್ಲಿ ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಅರ್ಧರ್ಧ ಬೆರೆಸುವುದು. ಅಂಚು ನಯವಾಗಿ ಕಾಣಲು ಇದು ಅವಶ್ಯ. ಈಗ ಕೆಂಪು ಹಿನ್ನೆಲೆಯ ಮೇಲೆ ಬಿಳಿಯ 'ಕ'ಕಾರ, ಅದರ ಮೇಲೆ ಸರಿಯಾಗಿ ಅದೇ ಅಳತೆಯ ಕಪ್ಪು 'ಕ'ಕಾರ ಇದೆಯೆಂದು ಭಾವಿಸೋಣ. ಅಂಚಿನ ಪಿಕ್ಸೆಲ್ಲಿನಲ್ಲಿ ಮೊದಲು ಬಿಳಿ ಬಂದು ಅರ್ಧ ಬಿಳಿ, ಅರ್ಧ ಕೆಂಪು ಆಗುವುದು. ಅನಂತರ ಕಪ್ಪು ಬಂದು ಆ ಮಿಶ್ರಣದ ಅರ್ಧವನ್ನು ಮಾತ್ರ ಮುಚ್ಚುವುದು. ಕಡೆಗೆ ಉಳಿಯುವುದು ಅರ್ಧ ಕಪ್ಪು, ಕಾಲುಭಾಗ ಬಿಳಿ, ಕಾಲುಭಾಗ ಕೆಂಪು. ಮರೆಯಾಗಬೇಕಾಗಿದ್ದ ಬಿಳಿಯ ಆ ಕಾಲುಭಾಗವೇ ನಮ್ಮ ಕಣ್ಣಿಗೆ ಅಂಚಾಗಿ ಕಾಣುವುದು.

ಇಂತಹ ಅಂಚು ಪರದೆಯಲ್ಲಿ ಕಂಡರೂ ಮುದ್ರಣದಲ್ಲಿ ಹಲವು ವೇಳೆ ಕಾಣದೆ ಹೋಗಬಹುದು. ಆದರೂ ಅಡಗಿದ ಪ್ರತಿಯನ್ನು ಹುಡುಕಿ ತೆಗೆಯುವುದೇ ಲೇಸು. ಇಂಕ್‌ಸ್ಕೇಪ್ ಮತ್ತು ಕೋರಲ್‌ಡ್ರಾಗಳಲ್ಲಿ ಆಲ್ಟ್ ಕೀಲಿಯನ್ನು ಹಿಡಿದು ಒತ್ತಿದರೆ ಕೆಳಗಿನ ಆಕೃತಿ ಆಯ್ಕೆಯಾಗುವುದು.

೫. ಕನ್ನಡ ಲಿಪಿಗೆ ವಿಶೇಷವಾದ ಗೆರೆ

ಇದುವರೆಗೆ ಹೇಳಿದುದು ಎಲ್ಲ ಲಿಪಿಗಳಿಗೂ ಅನ್ವಯಿಸುವುದು. ಕನ್ನಡದಲ್ಲಿ ಇನ್ನೊಂದು ಬಗೆಯ ಗೆರೆ ಹೆಚ್ಚಾಗಿ ಕಾಣಬರುವುದು. ಅದು ಅಕ್ಷರದ ಹೊರಗಲ್ಲ, ಒಳಗೆ ಹಾಯುವ ಗೆರೆ.

ನಮ್ಮ ಅಕ್ಷರಗಳು ಹಲವು ಅಂಗಗಳಿಂದ ಕೂಡಿವೆ. ಮೂಲಾಕ್ಷರ, ತಲೆಕಟ್ಟು, ಗುಡಿಸು, ಕೊಂಬು, ಎತ್ವ, ವಟ್ರಸುಳಿ, ಒತ್ತಕ್ಷರ ಇವು ಒಂದನ್ನೊಂದು ಕೂಡಿ ಅಕ್ಷರವಾಗುವುವು. 'ಶಾಸ್ತ್ರ', 'ರಾಷ್ಟ್ರ' ಮುಂತಾದ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ಸೇರುತ್ತವೆ. ನುಡಿ, ಬರಹ ಮೊದಲಾದವುಗಳ ಹಳೆಯ ಪದ್ಧತಿಯ ಫಾಂಟುಗಳಲ್ಲಿ ಈ ಅಂಗಗಳು ಬಿಡಿಬಿಡಿ ತುಂಡುಗಳಾಗಿದ್ದು, ಅಕ್ಕಪಕ್ಕ ಕುಳಿತು ಅಕ್ಷರವಾಗುವುವು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಯೂನಿಕೋಡ್ ಫಾಂಟುಗಳಲ್ಲಿ ಕೂಡುವಿಕೆ ಇನ್ನಷ್ಟು ಕ್ರಮಬದ್ಧವಾಗಿದ್ದರೂ, ಹಲವು ಫಾಂಟುಗಳಲ್ಲಿ ಒತ್ತು ಅಥವಾ ಸ್ವರಚಿಹ್ನೆಯ ಅಂಚು ಮೂಲಾಕ್ಷರದ ಮೇಲೆ ಸ್ವಲ್ಪ ಹಾಯ್ದೇ ಇರುತ್ತದೆ. ದಪ್ಪವನ್ನು ಇಚ್ಛೆಯಂತೆ ಹಿಗ್ಗಿಸಿ ಕುಗ್ಗಿಸಬಲ್ಲ ವೇರಿಯಬಲ್ ಫಾಂಟುಗಳಲ್ಲಿ ಒಂದೇ ಅಂಗದ ಭಾಗಗಳೂ ಒಂದರ ಮೇಲೊಂದು ಹಾಯ್ದಿರುವುದುಂಟು.

ಕಪ್ಪು ಫಿಲ್ ಮಾತ್ರ ಇದ್ದಾಗ ಈ ಹಾಯುವಿಕೆ ಕಾಣದು. ಕಪ್ಪಿನ ಮೇಲೆ ಕಪ್ಪು ಕಪ್ಪೇ. ಆದರೆ ಸ್ಟ್ರೋಕಿಗೆ ಬೇರೆ ಬಣ್ಣ ಕೊಟ್ಟೊಡನೆ ಪ್ರತಿ ಅಂಗದ ಎಲ್ಲೆಯೂ ಬೇರೆ ಬೇರೆಯಾಗಿ ಗೋಚರಿಸಿ, ತಲೆಕಟ್ಟು ಮೂಲಾಕ್ಷರವನ್ನು ಕತ್ತರಿಸಿದಂತೆಯೂ ಒತ್ತು ಬೇರ್ಪಟ್ಟಂತೆಯೂ ತೋರುವುದು.

ಪರಿಹಾರ ಹೀಗೆ: ಮೊದಲು ಬರಹದ ಒಂದು ಪ್ರತಿಯನ್ನು ತಿದ್ದಲು ಬರುವಂತೆ ಬೇರೆಡೆ ಉಳಿಸಿಕೊಳ್ಳಬೇಕು, ಪಥವಾದ ಮೇಲೆ ಕಾಗುಣಿತ ತಿದ್ದಲಾಗದು. ಅನಂತರ ಅಕ್ಷರಗಳನ್ನು ಪಥವಾಗಿ ಮಾರ್ಪಡಿಸಬೇಕು: ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸಿ; ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ; ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಓ. ಆ ಬಳಿಕ ಅಂಗಗಳನ್ನು ಬೆಸೆಯಬೇಕು. ಬೆಸೆಯುವ ಆಜ್ಞೆ ಇಂಕ್‌ಸ್ಕೇಪ್‌ನಲ್ಲಿ 'ಯೂನಿಯನ್', ಕೋರಲ್‌ಡ್ರಾದಲ್ಲಿ 'ವೆಲ್ಡ್', ಇಲ್ಲಸ್ಟ್ರೇಟರ್‌ನ ಪಾಥ್‌ಫೈಂಡರ್‌ನಲ್ಲಿ 'ಯುನೈಟ್'. ಕೋರಲ್‌ಡ್ರಾದ 'ಕಂಬೈನ್' ಆಜ್ಞೆಯನ್ನು ಇದಕ್ಕೆ ಬಳಸಬಾರದು. ಅದು ಬೆಸೆಯುವುದಿಲ್ಲ, ಎರಡು ಅಂಗಗಳು ಹಾಯ್ದ ಜಾಗವನ್ನು ಟೊಳ್ಳಾಗಿಸುತ್ತದೆ.

೬. ಇತರ ಎರಡು ಮೂಲಗಳು

ಫಾಂಟಿನಲ್ಲಿ ದಪ್ಪ ಅಕ್ಷರಗಳ ಪ್ರತ್ಯೇಕ ರೂಪವಿಲ್ಲದಿದ್ದರೂ 'ಬೋಲ್ಡ್' ಗುಂಡಿಯನ್ನು ಒತ್ತಿದರೆ, ಕೆಲವು ತಂತ್ರಾಂಶಗಳು ಸಾಧಾರಣ ಅಕ್ಷರವನ್ನೇ ಕೃತಕವಾಗಿ ಉಬ್ಬಿಸಿ ಕೊಡುತ್ತವೆ. ಗುಣಪಟ್ಟಿಯಲ್ಲಿ ಸ್ಟ್ರೋಕ್ ಕಾಣದಿದ್ದರೂ ಸೀಳುಗಳೂ ಚುಕ್ಕೆಗಳೂ ಕಟ್ಟಿಕೊಂಡಿದ್ದರೆ ಈ ಅನುಮಾನ ಪಡಬೇಕು. ದಪ್ಪರೂಪವನ್ನು ವಿನ್ಯಾಸಕಾರರೇ ಬರೆದಿರುವ ಫಾಂಟನ್ನು ಆರಿಸುವುದೇ ಇದಕ್ಕೆ ಮಾರ್ಗ.

ಹಳೆಯ ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರಗಳನ್ನು ವೆಕ್ಟರ್ ರೂಪಕ್ಕೆ ತರುವಾಗಲೂ ಗೆರೆ ಹುಟ್ಟುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಅಂಚು ಹುಡುಕುವ ವಿಧಾನವನ್ನು ಆರಿಸಿದರೆ ತುಂಬಿದ ಅಕ್ಷರದ ಬದಲು ಅದರ ಟೊಳ್ಳು ಬಾಹ್ಯರೇಖೆ ಮಾತ್ರ ದೊರೆಯುವುದು. ಕಪ್ಪುಬಿಳುಪಿನ ಮಿತಿಯನ್ನು ನಿಗದಿಪಡಿಸುವ ವಿಧಾನವೇ ಅಕ್ಷರಗಳಿಗೆ ಯೋಗ್ಯ. ಸೀಸದ ಮೊಳೆಗಳಿಂದ ಅಚ್ಚಾದ ಪುಟದಲ್ಲಿ ಒತ್ತಡದಿಂದ ಶಾಯಿ ಅಂಚಿಗೆ ಸರಿದು ಅಕ್ಷರದ ಸುತ್ತ ಕಡುಗಪ್ಪು ಅಂಚು ಕಟ್ಟಿರುತ್ತದೆ. ಅದು ಯಂತ್ರದ ಕಣ್ಣಿಗೆ ಗೆರೆಯಾಗಿಯೇ ಕಾಣುವುದು. ಹೀಗೆ ಅಂಚುಗೆರೆಯ ತೊಡಕು ಗಣಕಯಂತ್ರಕ್ಕಿಂತಲೂ ಹಳೆಯದು.

೭. ಬಿಳಿ ಬಳಿಯುವ ಮೋಸ

ಅವಸರದಲ್ಲಿ ಕೆಲಸ ಮಾಡುವವರು ಕಪ್ಪು ಗೆರೆಯನ್ನು ತೆಗೆಯುವ ಬದಲು ಅದಕ್ಕೆ ಬಿಳಿ ಬಣ್ಣ ಕೊಟ್ಟುಬಿಡುವುದುಂಟು. ಬಿಳಿ ಹಾಳೆಯ ಮೇಲೆ ಗೆರೆ ಮಾಯವಾದಂತೆ ಕಾಣುತ್ತದೆ. ಇದು ಪರಿಹಾರವಲ್ಲ. ಬಿಳಿ ಗೆರೆಯೂ ಅರ್ಧ ಒಳಕ್ಕೆ ಬೀಳುವುದರಿಂದ ಅಕ್ಷರ ಸವೆಯುವುದು. 'ಠ'ಕಾರದ ಚುಕ್ಕೆ ೧ ಪಾಯಿಂಟ್ ಅಡ್ಡಳತೆಯದಾಗಿದ್ದು ಬಿಳಿ ಗೆರೆಯ ದಪ್ಪವೂ ೧ ಪಾಯಿಂಟ್ ಆಗಿದ್ದರೆ, ಸುತ್ತಲಿಂದ ಅರ್ಧ ಪಾಯಿಂಟ್ ಒಳನುಗ್ಗಿ ಚುಕ್ಕೆ ಸಂಪೂರ್ಣ ಅಳಿಯುವುದು, 'ಮಠ'ವು 'ಮರ'ವಾಗುವುದು. ಇದೇ ವಿನ್ಯಾಸವನ್ನು ಮುಂದೆ ಕಾವಿ ಅಥವಾ ಹಸಿರು ಹಿನ್ನೆಲೆಗೆ ತಂದಾಗ ಬಿಳಿ ಗೆರೆ ಎದ್ದು ಕಾಣುವುದು.

ವಿನೈಲ್ ಕತ್ತರಿಸುವ ಯಂತ್ರಕ್ಕೂ ಶಿಲೆಯನ್ನು ಕೊರೆಯುವ ಯಂತ್ರಕ್ಕೂ ಕಡತ ಕಳುಹಿಸುವಾಗ ಈ ಮರೆಮಾಚುವಿಕೆ ಇನ್ನೂ ಅಪಾಯಕರ. ಸಾಮಾನ್ಯವಾಗಿ ಅಲಗು ಬಣ್ಣವನ್ನು ನೋಡುವುದಿಲ್ಲ, ಪಥವನ್ನು ಹಿಂಬಾಲಿಸುತ್ತದೆ. ಬೆಸೆಯದ ಒತ್ತು ಅಲ್ಲಿ ತುಂಡಾಗುವುದು. ಅಡಗಿ ಕುಳಿತ ಎರಡನೆಯ ಪ್ರತಿ ಎರಡನೆಯ ಸಲ ಕೊಯ್ಯಲ್ಪಡುವುದು. ಆದ್ದರಿಂದ ಯಂತ್ರಕ್ಕೆ ಕೊಡುವ ಮುನ್ನ ಬಣ್ಣವಿಲ್ಲದ ನೋಟದಲ್ಲಿ ಒಮ್ಮೆ ಪರಿಶೀಲಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಅಲ್ಲಿ ಕಾಣುವ ಗೆರೆಗಳೇ ನಾಳೆ ಕಲ್ಲಿನಲ್ಲಿ ಕಾಣುವ ಗೆರೆಗಳು.

೮. ತರಗತಿಗೆ ಮೂರು ಅಭ್ಯಾಸಗಳು

(ಅ) 'ದನ, ಧನ, ಮರ, ಮಠ' ಎಂಬ ನಾಲ್ಕು ಪದಗಳನ್ನು ೧೨ ಪಾಯಿಂಟ್ ಅಳತೆಯಲ್ಲಿ ಸ್ಟ್ರೋಕ್ ಇಲ್ಲದೆ ಮುದ್ರಿಸಿರಿ. ಅನಂತರ ೦.೨೫, ೦.೫ ಮತ್ತು ೧ ಪಾಯಿಂಟ್ ಸ್ಟ್ರೋಕ್ ಕೊಟ್ಟು ಮುದ್ರಿಸಿರಿ. ವಿಷಯ ತಿಳಿಯದ ಇನ್ನೊಬ್ಬರಿಂದ ಕೈಯಳತೆಯ ದೂರದಲ್ಲಿ ಹಿಡಿದು ಓದಿಸಿ, ಯಾವ ಅಳತೆಯಲ್ಲಿ ತಪ್ಪು ಆರಂಭವಾಯಿತೆಂದು ಗುರುತಿಸಿರಿ.

(ಆ) ೪ ಪಾಯಿಂಟ್ ಸ್ಟ್ರೋಕ್ ಇರುವ ಒಂದು ಶೀರ್ಷಿಕೆಯನ್ನು ಎರಡು ಪ್ರತಿ ಮಾಡಿ, ಒಂದನ್ನು ಸ್ಟ್ರೋಕ್ ಕುಗ್ಗುವ ಏರ್ಪಾಡಿನೊಡನೆಯೂ ಮತ್ತೊಂದನ್ನು ಅದಿಲ್ಲದೆಯೂ ಕಾಲುಭಾಗಕ್ಕೆ ಕುಗ್ಗಿಸಿ ಹೋಲಿಸಿರಿ.

(ಇ) 'ಶಾಸ್ತ್ರ' ಎಂಬ ಪದವನ್ನು ಮೂರು ಬೇರೆ ಫಾಂಟುಗಳಲ್ಲಿ ಟೈಪು ಮಾಡಿ, ಪಥವಾಗಿಸಿ, ಬಣ್ಣವಿಲ್ಲದ ನೋಟದಲ್ಲಿ ಅಂಗಗಳು ಎಲ್ಲೆಲ್ಲಿ ಹಾಯ್ದಿವೆಯೆಂದು ಎಣಿಸಿರಿ. ಬೆಸೆದ ಅನಂತರ ಮತ್ತೆ ಎಣಿಸಿರಿ.

ಉಪಸಂಹಾರ

ಮೇಲೆ ಹೇಳಿದುದನ್ನು ಒಂದು ಕ್ರಮಕ್ಕೆ ತರಬಹುದು. ಮೊದಲು ನೋಟದ ವಿಧಾನವನ್ನು ನೋಡಬೇಕು; ಅನಂತರ ಹಿಗ್ಗಿಸಿ ನೋಡಬೇಕು; ಆಮೇಲೆ ಗುಣಪಟ್ಟಿಯನ್ನು ಓದಬೇಕು. ಸ್ಟ್ರೋಕ್ ಇದ್ದರೆ ತೆಗೆಯಬೇಕು. ಪ್ರತಿ ಅಡಗಿದ್ದರೆ ಅಳಿಸಬೇಕು. ಅಂಗಗಳು ಹಾಯ್ದಿದ್ದರೆ ಬೆಸೆಯಬೇಕು. ಅಕ್ಷರ ಕೃತಕವಾಗಿ ಉಬ್ಬಿದ್ದರೆ ಫಾಂಟನ್ನು ಬದಲಿಸಬೇಕು. ಯಾವ ಸಂದರ್ಭದಲ್ಲಿಯೂ ಬಿಳಿ ಬಳಿದು ಮರೆಸಬಾರದು.

ತಂತ್ರಾಂಶಗಳ ಹೆಸರುಗಳೂ ಕೀಲಿಗಳೂ ಮುಂದೆ ಬದಲಾಗಬಹುದು. ಪಥಕ್ಕೆ ದಪ್ಪವಿಲ್ಲ, ಗೆರೆಗೆ ದಪ್ಪವುಂಟು, ಆ ದಪ್ಪ ಎರಡೂ ಬದಿಗೆ ಹರಡುತ್ತದೆ ಎಂಬ ತತ್ತ್ವ ಬದಲಾಗದು. ಅದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಕೊಟ್ಟರೆ ಅವರು ಯಾವ ತಂತ್ರಾಂಶದ ಮುಂದೆ ಕುಳಿತರೂ ಕನ್ನಡದ ಚುಕ್ಕೆಯನ್ನೂ ಸೀಳನ್ನೂ ಕಾಪಾಡಬಲ್ಲರು. ದಾನಿಯೊಬ್ಬರ ಹೆಸರನ್ನು ಕಲ್ಲಿನ ಮೇಲೆ ತಪ್ಪಿಲ್ಲದೆ ನಿಲ್ಲಿಸುವುದು ಅವರಿಗೆ ಸಲ್ಲಿಸುವ ಗೌರವದ ಮೊದಲ ಅಂಗವಲ್ಲವೆ?